ಪೋರ್ಟ್‌ಫೋಲಿಯೊ ಇದೆ, ದುಡ್ಡು ಕೊಡುವ ಕ್ಲೈಂಟ್ ಬರುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಕೆಲಸ ಬರುತ್ತಿಲ್ಲ ಅಂದ ತಕ್ಷಣ ತುಂಬಾ ಡಿಸೈನರ್‌ಗಳು ಇಡೀ ಪೋರ್ಟ್‌ಫೋಲಿಯೊ ಕಿತ್ತು ಹಾಕಿ ಹೊಸದಾಗಿ ಕಟ್ಟಲು ಕೂರುತ್ತಾರೆ. ಹೊಸ ಫಾಂಟ್, ಹೊಸ ಬಣ್ಣ, ಹೊಸ ಅನಿಮೇಷನ್. ವಾರಗಟ್ಟಲೆ ಅದರಲ್ಲೇ ಕಳೆಯುತ್ತದೆ, ಕೊನೆಗೆ ನೋಡಿದರೆ ಎನ್‌ಕ್ವೈರಿ ಮೊದಲಿನಷ್ಟೇ, ಯಾಕೆಂದರೆ ಕೆಟ್ಟಿದ್ದು ಬೇರೆಲ್ಲೋ ಇತ್ತು. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ಕೆಟ್ಟಿದೆ ಅಂತ ಮೊದಲು ಪತ್ತೆ ಮಾಡಿ, ಆಮೇಲೆ ಅಲ್ಲಿಗೆ ಮಾತ್ರ ಕೈ ಹಾಕಿ.

ಯಾರೋ ನಿಮ್ಮ ಪುಟ ತೆರೆಯುವುದಕ್ಕೂ ನಿಮ್ಮ ಖಾತೆಗೆ ದುಡ್ಡು ಬರುವುದಕ್ಕೂ ನಡುವೆ ನಾಲ್ಕು ಹಂತ ಇದೆ. ಜನ ಬರಬೇಕು, ಬಂದವರು ನಿಂತು ನೋಡಬೇಕು, ನೋಡಿದವರು ನಿಮಗೆ ಬರೆಯಬೇಕು, ಬರೆದವರು ರೇಟಿಗೆ ಒಪ್ಪಬೇಕು. ನಿಮ್ಮದು ಎಲ್ಲಿ ನಿಂತಿದೆ ಅಂತ ತಿಳಿಯಲು ಸೈಟ್‌ಗೆ ಗೂಗಲ್ ಅನಲಿಟಿಕ್ಸ್ ಥರದ, ಬಂದವರನ್ನು ಎಣಿಸುವ ಯಾವುದಾದರೂ ಒಂದು ಸಾಧನ ಹಾಕಿ. ಡಿಸೈನರ್‌ಗಳು ಕೆಲಸ ಹಾಕುವ ಬಿಹ್ಯಾನ್ಸ್ ಅನ್ನುವ ಸೈಟಿನಲ್ಲಿದ್ದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ. ಒಂದು ಮಾತು: ನೀವೇ ದಿನಾ ತೆರೆದು ನೋಡುವುದೂ ಆ ಲೆಕ್ಕದಲ್ಲಿ ಸೇರಿರಬಹುದು, ಅದನ್ನು ಬಿಟ್ಟು ಲೆಕ್ಕ ಹಾಕಿ. ಇನ್ನೊಂದು: ಬೆರಳೆಣಿಕೆಯ ಜನ ಬಂದು ಹೋಗಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಕೆಳಗಿನದೆಲ್ಲ ಸುಲಭದ, ಖರ್ಚಿಲ್ಲದ ಪರೀಕ್ಷೆಯಿಂದ ಶುರುವಾಗಿ ಕಷ್ಟದ್ದಕ್ಕೆ ಹೋಗುತ್ತದೆ. ಅದೇ ಕ್ರಮದಲ್ಲಿ ನೋಡಿ, ಜಿಗಿಯಬೇಡಿ.

ಲಕ್ಷಣ: ಜನ ನೋಡುತ್ತಾರೆ, ಆದರೆ ಒಂದೇ ಒಂದು ಮೆಸೇಜ್ ಬರುತ್ತಿಲ್ಲ

ಪೂರ್ತಿ ಮೌನ ಅನುಮಾನ ಪಡಬೇಕಾದ ವಿಷಯ. ಒಳ್ಳೆಯ ಪೋರ್ಟ್‌ಫೋಲಿಯೊಗೂ ಕೆಟ್ಟದ್ದಕ್ಕೂ ಏನಾದರೊಂದು ಬಂದೇ ಬರುತ್ತದೆ, ಕಡೇಪಕ್ಷ ಸ್ಪ್ಯಾಮ್ ಆದರೂ. ಏನೂ ಬರುತ್ತಿಲ್ಲ ಅಂದರೆ ಕಾಂಟ್ಯಾಕ್ಟ್ ಫಾರ್ಮ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅದನ್ನು ನೋಡದೆ ವಿನ್ಯಾಸ ಬದಲಿಸುವುದು ಅಂಗಡಿಗೆ ಬೀಗ ಹಾಕಿಟ್ಟು ಗೋಡೆಗೆ ಬಣ್ಣ ಹೊಡೆದ ಹಾಗೆ.

ಬೇರೆಯವರ ಫೋನ್ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಸೈಟ್ ತೆರೆದು, ಬೇರೆ ಇಮೇಲ್ ವಿಳಾಸ ಹಾಕಿ, ಫಾರ್ಮ್ ತುಂಬಿ ಕಳಿಸಿ. ನಿಮಗೆ ಬಂತಾ? ಸ್ಪ್ಯಾಮ್ ಫೋಲ್ಡರ್ ನೋಡಿದಿರಾ? 'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಅಂತ ಪರದೆ ಮೇಲೆ ಬಂದರೆ ಸಾಲದು. ಫಾರ್ಮ್ ಆ ಸಾಲನ್ನು ತೋರಿಸಿಯೂ ಮೇಲ್ ದಾರಿಯಲ್ಲೇ ಕಳೆದುಹೋಗಬಹುದು.

ಹೀಗಾಗಲು ಒಂದು ಸಾಮಾನ್ಯ ಕಾರಣ ಇದೆ. ಕೆಲವು ಫಾರ್ಮ್‌ಗಳು ಮೇಲನ್ನು ನೋಡುಗರ ವಿಳಾಸದಿಂದಲೇ ಬಂದ ಹಾಗೆ ಕಳಿಸುತ್ತವೆ. ಅಂದರೆ ಯಾಹೂ ವಿಳಾಸ ಬಳಸುವವರು ನಿಮಗೆ ಬರೆದರೆ, ನಿಮ್ಮ ಸರ್ವರ್ 'ಇದು ಯಾಹೂದಿಂದ ಬಂದದ್ದು' ಅಂತ ಹೇಳಿಕೊಂಡು ಮೇಲ್ ಕಳಿಸುತ್ತದೆ. ಆದರೆ ಅದನ್ನು ಕಳಿಸಿದ್ದು ಯಾಹೂ ಅಲ್ಲ, ನಿಮ್ಮ ಸರ್ವರ್. ಡಿಮಾರ್ಕ್ ಅನ್ನುವ ನಿಯಮ ಹಿಡಿಯುವುದು ಇದನ್ನೇ, ಹಾಗಾಗಿ ಮೇಲ್ ತಿರಸ್ಕಾರವಾಗುತ್ತದೆ ಅಥವಾ ಸ್ಪ್ಯಾಮ್‌ಗೆ ಬೀಳುತ್ತದೆ. ಪರಿಹಾರ ಸುಲಭ: ಕಳಿಸುವ ವಿಳಾಸದ ಜಾಗದಲ್ಲಿ ನಿಮ್ಮದೇ ಡೊಮೈನ್‌ನ (ನಿಮ್ಮ ಸೈಟಿನ ಹೆಸರಿನ) ವಿಳಾಸ ಇರಲಿ, ನೋಡುಗರ ವಿಳಾಸ 'ರಿಪ್ಲೈ ಟು' ಜಾಗಕ್ಕೆ ಹೋಗಲಿ. ಜೊತೆಗೆ ಡೊಮೈನ್‌ಗೆ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳು, ಅಂದರೆ ಮೇಲ್ ನಿಜವಾಗಿ ನಿಮ್ಮ ಕಡೆಯಿಂದಲೇ ಬಂದದ್ದು ಅಂತ ತೋರಿಸುವ ಸಾಲುಗಳು, ಇವೆಯಾ ಅಂತ ನೋಡಿ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಇದೆಲ್ಲ ತಲೆನೋವು ಅನ್ನಿಸಿದರೆ ಫಾರ್ಮ್ ಪಕ್ಕದಲ್ಲೇ ನಿಮ್ಮ ಇಮೇಲ್ ವಿಳಾಸವನ್ನು ಒತ್ತಿದರೆ ತೆರೆಯುವ ಹಾಗೆ ಬರೆದಿಡಿ. ಫಾರ್ಮ್ ಕೈಕೊಟ್ಟರೂ ದಾರಿ ಉಳಿದಿರುತ್ತದೆ.

ಹಾಗೇ ಇನ್ನಷ್ಟು ನೋಡಿಬಿಡಿ. ಡೊಮೈನ್ ಅವಧಿ ಮುಗಿದಿಲ್ಲ ತಾನೇ? ಬ್ರೌಸರ್ 'ಸುರಕ್ಷಿತವಲ್ಲ' ಅಂತ ಎಚ್ಚರಿಸುತ್ತಿದೆಯಾ? ಸೈಟ್ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಉಚಿತ ಪ್ರಮಾಣಪತ್ರಗಳು ಸಾಮಾನ್ಯವಾಗಿ 90 ದಿನ ನಡೆಯುತ್ತವೆ, ತಾನಾಗಿ ನವೀಕರಣ ಆಗುವುದು ನಿಂತುಹೋದರೆ ನಿಮಗೆ ಗೊತ್ತೇ ಆಗದೆ ಸೈಟ್ ಮುಂದೆ ಕೆಂಪು ಎಚ್ಚರಿಕೆ ಬಂದು ನಿಲ್ಲುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಪರಿಚಿತರ ಮೆಸೇಜ್ ರಿಕ್ವೆಸ್ಟ್ಸ್ ಅನ್ನುವ ಬೇರೆ ಜಾಗಕ್ಕೆ ಹೋಗುತ್ತದೆ, ಅಲ್ಲೂ ಇಣುಕಿ. ಫಾರ್ಮ್‌ನಲ್ಲಿ ಹತ್ತು ಹನ್ನೆರಡು ಖಾನೆ ಇದ್ದರೆ ಕಡಿಮೆ ಮಾಡಿ. ಹೆಸರು, ಇಮೇಲ್, ಏನು ಬೇಕು. ಸಾಕು.

ಲಕ್ಷಣ: ಯಾರೂ ಬರುತ್ತಲೇ ಇಲ್ಲ

ಗೂಗಲ್‌ನಲ್ಲಿ ನಿಮ್ಮ ಹೆಸರು, ಅದರ ಮುಂದೆ 'ಡಿಸೈನರ್' ಅಂತ ಹಾಕಿ ಹುಡುಕಿ. ಸೈಟ್ ಸಿಗದಿದ್ದರೆ ಸೆಟ್ಟಿಂಗ್ಸ್ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಇಂಜಿನ್‌ಗಳು ಈ ಸೈಟನ್ನು ಪಟ್ಟಿ ಮಾಡದಿರಲಿ ಅನ್ನುವ ಒಂದು ಟಿಕ್ ಇರುತ್ತದೆ. ಸೈಟ್ ಕಟ್ಟುವಾಗ ಹಾಕಿದ್ದು ಹಾಗೇ ಉಳಿದುಬಿಡುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಉಚಿತ, ಯಾವ ಪುಟ ಗೂಗಲ್‌ನಲ್ಲಿ ಸೇರಿದೆ, ಯಾವುದು ಸೇರಿಲ್ಲ ಅಂತ ಅದೇ ಹೇಳುತ್ತದೆ.

ಇವೆಲ್ಲ ಸರಿ ಇದ್ದೂ ಜನ ಇಲ್ಲವಾದರೆ ದೋಷ ಪೋರ್ಟ್‌ಫೋಲಿಯೊದ್ದಲ್ಲ. ನೀವು ಅದನ್ನು ಯಾರಿಗೂ ತೋರಿಸುತ್ತಿಲ್ಲ, ಅಷ್ಟೇ. ಪೋರ್ಟ್‌ಫೋಲಿಯೊ ತಾನಾಗಿ ಹೋಗಿ ಜನರನ್ನು ಕರೆತರುವುದಿಲ್ಲ, ನೀವು ಕಳಿಸಿದ ಲಿಂಕ್, ಹಳೆ ಕ್ಲೈಂಟ್ ಇನ್ನೊಬ್ಬರಿಗೆ ಹೇಳಿದ ಮಾತು, ನೀವು ಮಾಡಿದ ಕೆಲಸದ ಕೆಳಗೆ ಇರುವ ನಿಮ್ಮ ಹೆಸರು, ಜನ ಬರುವುದು ಇಂಥ ದಾರಿಗಳಲ್ಲಿ. ಇಲ್ಲಿ ಇನ್ನೊಂದು ಗೊಂದಲವಿದೆ. ಬಿಹ್ಯಾನ್ಸ್ ಶುರುವಾದದ್ದು 2005ರಲ್ಲಿ, ಡ್ರಿಬ್ಬಲ್ 2009ರಲ್ಲಿ. ಎರಡೂ ಡಿಸೈನರ್‌ಗಳು ಡಿಸೈನರ್‌ಗಳಿಗೆ ಕೆಲಸ ತೋರಿಸುವ ಜಾಗಗಳಾಗಿ ಬೆಳೆದವು. ಅಲ್ಲಿಂದ ಕೆಲಸ ಸಿಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಬೀಳುವ ಲೈಕ್ ಹೆಚ್ಚಾಗಿ ನಿಮ್ಮಂಥವರದ್ದೇ. ಅದನ್ನು ಬೇಡಿಕೆ ಅಂತ ಓದಬೇಡಿ.

ಲಿಂಕ್ ಕಳಿಸಿದರೂ ಯಾರೂ ತೆರೆಯುತ್ತಿಲ್ಲವಾ? ಅದನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡು ನೋಡಿ. ಲಿಂಕ್ ಜೊತೆ ಚಿತ್ರ, ಶೀರ್ಷಿಕೆ ಬರಬೇಕು. ಬರೀ ಬೂದು ಚೌಕ ಅಥವಾ 'ಹೋಮ್' ಅನ್ನುವ ಒಂದೇ ಪದ ಬಂದರೆ ಓಪನ್ ಗ್ರಾಫ್ ಟ್ಯಾಗ್‌ಗಳು (ಲಿಂಕ್ ಜೊತೆ ಯಾವ ಚಿತ್ರ, ಶೀರ್ಷಿಕೆ ತೋರಿಸಬೇಕು ಅಂತ ಪುಟದ ಕೋಡ್‌ನಲ್ಲಿ ಬರೆಯುವ ಸಾಲುಗಳು) ಇಲ್ಲ ಅಂತ ಅರ್ಥ. 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರದ ಒಂದು ಚಿತ್ರ ಮಾಡಿ ಅಲ್ಲಿ ಹಾಕಿ. ಪಿಡಿಎಫ್ ಕಳಿಸುವವರು ಅದರ ತೂಕ ನೋಡಿಕೊಳ್ಳಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅದು ಅಟ್ಯಾಚ್‌ಮೆಂಟ್ ಆಗದೆ ಡ್ರೈವ್ ಲಿಂಕ್ ಆಗುತ್ತದೆ, ಅನುಮತಿ ಕೊಡುವುದು ಮರೆತರೆ ಎದುರಿನವರಿಗೆ ಮುಚ್ಚಿದ ಬಾಗಿಲು.

ಲಕ್ಷಣ: ಬರುತ್ತಾರೆ, ಮೊದಲ ಪುಟದಲ್ಲೇ ವಾಪಸ್ ಹೋಗುತ್ತಾರೆ

ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಸಾಧಾರಣ ಫೋನಿನಲ್ಲಿ ನಿಮ್ಮ ಸೈಟ್ ತೆರೆಯಿರಿ. ನೀವು ದಿನಾ ನೋಡುವ ದೊಡ್ಡ ಪರದೆ, ವೇಗದ ನೆಟ್ ಬಿಟ್ಟು ಕ್ಲೈಂಟ್ ನೋಡುವ ಹಾಗೆ ನೋಡಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ ನಿಮ್ಮದು ಎಷ್ಟು ಅಂತ ಗೊತ್ತಾಗುತ್ತದೆ.

ಡಿಸೈನರ್‌ಗಳ ಸೈಟ್ ನಿಧಾನ ಆಗಲು ಹೆಚ್ಚಾಗಿ ಕಾರಣ ಚಿತ್ರಗಳೇ. ಪ್ರಿಂಟಿಗೆ ಮಾಡಿದ ಪಿಎನ್‌ಜಿಯನ್ನು ಹಾಗೇ ಏರಿಸಿರುತ್ತಾರೆ. 2000 ಪಿಕ್ಸೆಲ್ ಅಗಲಕ್ಕೆ ಇಳಿಸಿ, ತೂಕ ಕಡಿಮೆ ಇರುವ ವೆಬ್‌ಪಿ ಅಥವಾ ಎವಿಐಎಫ್ ಫಾರ್ಮ್ಯಾಟ್‌ಗೆ ಬದಲಿಸಿ. ಸ್ಕ್ವೂಶ್ ಅನ್ನುವ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ, ಮೊದಲಿನದ್ದು ಮತ್ತು ಇಳಿಸಿದ್ದು ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತದೆ. ಶುರುವಿನಲ್ಲಿ ಲೋಗೊ ತಿರುಗುವ ಲೋಡಿಂಗ್ ಅನಿಮೇಷನ್ ಇದ್ದರೆ ತೆಗೆದುಬಿಡಿ, ನನ್ನ ಪ್ರಕಾರ ಅದರಿಂದ ಯಾರಿಗೂ ಉಪಯೋಗವಿಲ್ಲ. ತಿಳಿ ಬೂದು ಅಕ್ಷರ ಬಿಳಿ ಹಿನ್ನೆಲೆಯ ಮೇಲೆ ಚೆಂದ ಕಾಣುತ್ತದೆ, ಆದರೆ ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ಕಾಣುವುದೇ ಇಲ್ಲ. ಸಾಮಾನ್ಯ ಅಳತೆಯ ಅಕ್ಷರಕ್ಕೆ ಹಿನ್ನೆಲೆಯ ಜೊತೆ ಕಡೇಪಕ್ಷ 4.5ಕ್ಕೆ 1ರ ಕಾಂಟ್ರಾಸ್ಟ್ ಬೇಕು ಅಂತ ಡಬ್ಲ್ಯೂಸಿಎಜಿ ಹೇಳುತ್ತದೆ, ವೆಬ್ ಪುಟಗಳು ಎಲ್ಲರಿಗೂ ಓದಲು ಆಗುವಂತಿರಲಿ ಅಂತ ಮಾಡಿದ ಮಾರ್ಗಸೂಚಿ ಅದು.

ವೇಗ ಸರಿ ಇದೆ, ಆದರೂ ಹೋಗುತ್ತಾರೆ ಅಂದರೆ ಮೊದಲ ಪರದೆಯ ಮಾತು ನೋಡಿ. 'ನಾನು ಕನಸುಗಳಿಗೆ ಆಕಾರ ಕೊಡುತ್ತೇನೆ' ಅಂತ ಇದ್ದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಲೋಗೊ ಮಾಡುತ್ತೀರಾ, ಆ್ಯಪ್ ಮಾಡುತ್ತೀರಾ, ಯಾರಿಗೆ ಮಾಡುತ್ತೀರಿ? ಇದಕ್ಕೊಂದು ಖರ್ಚಿಲ್ಲದ ಪರೀಕ್ಷೆ ಇದೆ. ಡಿಸೈನ್ ಗೊತ್ತಿಲ್ಲದ ಒಬ್ಬರಿಗೆ ಪುಟವನ್ನು 5 ಸೆಕೆಂಡ್ ತೋರಿಸಿ, ಮುಚ್ಚಿ, 'ಇವರು ಏನು ಕೆಲಸ ಮಾಡುತ್ತಾರೆ?' ಅಂತ ಕೇಳಿ. ಉತ್ತರ ತಡವರಿಸಿದರೆ ಆ ಸಾಲನ್ನು ಸಾದಾ ಮಾತಿನಲ್ಲಿ ಬರೆಯಿರಿ. 'ಸಣ್ಣ ಕಂಪನಿಗಳಿಗೆ ಪ್ಯಾಕೇಜಿಂಗ್ ಮತ್ತು ಲೇಬಲ್ ಡಿಸೈನ್ ಮಾಡುತ್ತೇನೆ' ಅನ್ನುವುದು ಕವಿತೆಯಲ್ಲ, ಆದರೆ ಪ್ಯಾಕೇಜಿಂಗ್ ಬೇಕಾದವರು ಅಲ್ಲೇ ನಿಲ್ಲುತ್ತಾರೆ.

ಲಕ್ಷಣ: 'ಸೂಪರ್ ಆಗಿದೆ' ಅನ್ನುತ್ತಾರೆ, ಕೆಲಸ ಮಾತ್ರ ಕೊಡುವುದಿಲ್ಲ

ತುಂಬಾ ಜನ ಸಿಕ್ಕಿಬೀಳುವ ಜಾಗ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಹೊಗಳಿದವರು ಯಾರು ಅಂತ ಮೊದಲು ನೋಡಿ. ಡಿಸೈನರ್ ಗೆಳೆಯರಾದರೆ ಅವರು ನೋಡುವುದು ಕೈಚಳಕ. ದುಡ್ಡು ಕೊಡುವವರು ನೋಡುವುದೇ ಬೇರೆ. ಅವರಿಗೆ ಒಳಗೊಳಗೇ ಭಯ ಇರುತ್ತದೆ: ಇವರಿಗೆ ದುಡ್ಡು ಕೊಟ್ಟು ಕೆಲಸ ಕೆಟ್ಟರೆ? ಮಧ್ಯದಲ್ಲಿ ಫೋನ್ ಎತ್ತದಿದ್ದರೆ? ನಮ್ಮಂಥವರ ಕೆಲಸ ಇವರು ಮಾಡಿದ್ದಾರಾ? ಚಿತ್ರ ಎಷ್ಟೇ ಚೆಂದ ಇದ್ದರೂ ಈ ಪ್ರಶ್ನೆಗಳಿಗೆ ಅದು ಉತ್ತರ ಕೊಡುವುದಿಲ್ಲ. ಉತ್ತರ ಕೊಡುವುದು ಚಿತ್ರದ ಪಕ್ಕದಲ್ಲಿರುವ ನಾಲ್ಕು ಸಾಲು, ಮತ್ತು ತುಂಬಾ ಪೋರ್ಟ್‌ಫೋಲಿಯೊಗಳಲ್ಲಿ ಆ ನಾಲ್ಕು ಸಾಲೇ ಇರುವುದಿಲ್ಲ.

ಒಂದು ಸೋಪಿನ ಪೆಟ್ಟಿಗೆ ಅಂದುಕೊಳ್ಳಿ. 'ಸೋಪ್ ಪ್ಯಾಕೇಜಿಂಗ್, ಇಲಸ್ಟ್ರೇಟರ್, ಫೋಟೋಶಾಪ್' ಅಂತ ಬರೆದಿದ್ದರೆ ಕ್ಲೈಂಟಿಗೆ ಸಿಕ್ಕಿದ್ದು ಸೊನ್ನೆ. ಯಾವ ಸಾಫ್ಟ್‌ವೇರ್ ಅಂತ ಅವರಿಗೆ ಬೇಕಿಲ್ಲ. ಅದನ್ನೇ ಹೀಗೆ ಬರೆದು ನೋಡಿ: 'ಮೂರು ಬಗೆಯ ಸೋಪು, ಮೂರೂ ಪೆಟ್ಟಿಗೆ ಒಂದೇ ಥರ ಕಾಣುತ್ತಿದ್ದವು. ಅಂಗಡಿಯಲ್ಲಿ ಅಡ್ಡ ಜೋಡಿಸಿದಾಗ ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಪ್ರಿಂಟಿಗೆ ಒಂದೊಂದು ಪೆಟ್ಟಿಗೆಗೆ ಎರಡು ಬಣ್ಣಕ್ಕೆ ಮಾತ್ರ ಬಜೆಟ್ ಇತ್ತು. ಹಾಗಾಗಿ ಹೆಸರನ್ನು ಪೆಟ್ಟಿಗೆಯ ಚಿಕ್ಕ ಬದಿಗೂ ತಂದು, ಪ್ರತಿ ಬಗೆಗೆ ಬೇರೆ ಬಣ್ಣದ ಒಂದು ದಪ್ಪ ಪಟ್ಟಿ ಕೊಟ್ಟೆ.' ಇಷ್ಟು ಓದಿದ ಇನ್ನೊಬ್ಬ ತಯಾರಕರಿಗೆ ನೀವು ಅಂಗಡಿಯನ್ನೂ ನೋಡಿದ್ದೀರಿ, ಬಜೆಟ್ಟನ್ನೂ ನೋಡಿದ್ದೀರಿ ಅಂತ ಗೊತ್ತಾಗುತ್ತದೆ. ಏನು ತೊಂದರೆ ಇತ್ತು, ಯಾವ ಮಿತಿ ಇತ್ತು, ನೀವು ಏನು ನಿರ್ಧಾರ ಮಾಡಿದಿರಿ, ಆಮೇಲೆ ಏನಾಯಿತು. ಕೊನೆಯದಕ್ಕೆ ಅಂಕಿಅಂಶ ಇಲ್ಲದಿದ್ದರೆ ಹುಟ್ಟಿಸಿ ಬರೆಯಬೇಡಿ, ಒಬ್ಬರು ಫೋನ್ ಮಾಡಿ ವಿಚಾರಿಸಿದರೆ ಇರುವ ನಂಬಿಕೆಯೂ ಹೋಗುತ್ತದೆ. ಅದರ ಬದಲು ನಡೆದದ್ದನ್ನೇ ಬರೆಯಿರಿ: ಮತ್ತೆ ಪ್ರಿಂಟ್ ಮಾಡಿಸಿದರಾ, ಮುಂದಿನ ಕೆಲಸವೂ ನಿಮಗೇ ಬಂತಾ, ಕ್ಲೈಂಟ್ ಅವರ ಮಾತಿನಲ್ಲಿ ಏನು ಹೇಳಿದರು. ಅವರನ್ನು ಕೇಳಿ, ಒಪ್ಪಿಗೆ ಪಡೆದು ಹಾಕಿ.

ಆಮೇಲೆ ಚಿತ್ರಗಳು. ಎಲ್ಲವೂ ರೆಡಿಮೇಡ್ ಮಾಕಪ್ (ಡಿಸೈನ್ ಅಂಟಿಸಿ ತೋರಿಸುವ ಸಿದ್ಧ ಚಿತ್ರ) ಮೇಲೆ ಕೂತಿದ್ದರೆ, ಅದೇ ನೆರಳು ಬಿದ್ದ ಕಾರ್ಡು, ಅದೇ ತೇಲುವ ಫೋನು, ಯಾವುದು ನಿಜವಾಗಿ ತಯಾರಾಯಿತು ಅಂತ ಗೊತ್ತಾಗುವುದಿಲ್ಲ. ನಿಜವಾಗಿ ಪ್ರಿಂಟ್ ಆದದ್ದರ, ಬಳಕೆಯಲ್ಲಿರುವುದರ ಒಂದು ಫೋಟೋ ಇದ್ದರೂ ಅದಕ್ಕೆ ಹತ್ತು ಮಾಕಪ್‌ಗಿಂತ ಬೆಲೆ ಜಾಸ್ತಿ.

ಇನ್ನೂ ನಿಜವಾದ ಕ್ಲೈಂಟ್ ಇಲ್ಲದವರು ಕಾಲ್ಪನಿಕ ಕೆಲಸ ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಅದು ಅಭ್ಯಾಸಕ್ಕೆ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ಪ್ರಸಿದ್ಧ ಕಂಪನಿಯ ಲೋಗೊ ಬದಲಿಸಿ ತೋರಿಸುವುದು ಬೇಡ ಅನ್ನುವುದು ನನ್ನ ಸಲಹೆ. ಅಲ್ಲಿ ಬಜೆಟ್ ಇಲ್ಲ, ಗಡುವು ಇಲ್ಲ, ಬೇಡ ಅನ್ನುವವರೂ ಇಲ್ಲ, ಕ್ಲೈಂಟಿಗೆ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನೀವೇ ಮಿತಿ ಹಾಕಿಕೊಳ್ಳಿ: ಒಂದೇ ಬಣ್ಣದ ಪ್ರಿಂಟು, 16 ಪಿಕ್ಸೆಲ್‌ನಲ್ಲೂ ಗುರುತು ಸಿಗಬೇಕು, ಎರಡು ಲಿಪಿಯಲ್ಲಿ ಹೆಸರು ಕೂರಬೇಕು. ಅಂಥದ್ದನ್ನು ಬಿಡಿಸಿ ತೋರಿಸಿದರೆ ಅದು ಕೆಲಸದ ಹಾಗೇ ಕಾಣುತ್ತದೆ.

ತಂಡದಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಏನು ಅಂತ ಬರೆಯಿರಿ. ಎಲ್ಲದರ ಕೊನೆಗೆ, ಗುಣಮಟ್ಟ ಕಮ್ಮಿ ಅನ್ನಿಸುವ ಕೆಲಸಗಳನ್ನು ತೆಗೆಯಿರಿ. ಇದು ಕಷ್ಟ, ಒಂದೊಂದರ ಹಿಂದೆಯೂ ರಾತ್ರಿಗಳು ಹೋಗಿರುತ್ತವೆ ಅಲ್ವಾ. ಆದರೆ ಬಂದವರು ಯಾವುದನ್ನು ಮೊದಲು ಒತ್ತುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅವರು ಒತ್ತಿದ್ದು ಆ ಬಡವಾದ ಒಂದನ್ನೇ ಆಗಿದ್ದರೆ ಅವರ ಲೆಕ್ಕದಲ್ಲಿ ನೀವು ಅಷ್ಟೇ.

ಲಕ್ಷಣ: ಬರುವ ಎನ್‌ಕ್ವೈರಿ ಎಲ್ಲ ಬೇಡದ ಕೆಲಸಕ್ಕೇ

ತೋರಿಸಿದ್ದೇ ಬರುತ್ತದೆ. ಆಮಂತ್ರಣ ಪತ್ರಿಕೆ ಮಾಡುವುದು ಸಾಕಾಗಿದ್ದರೆ ಅವನ್ನು ಕೆಳಗಿಳಿಸಿ ಅಥವಾ ತೆಗೆಯಿರಿ. ಹೊಟ್ಟೆಪಾಡಿಗೆ ಅದೂ ಬೇಕಾದರೆ ಬೇರೆ ಪುಟ ಮಾಡಿ, ಕೇಳಿದವರಿಗೆ ಆ ಪುಟದ ಲಿಂಕ್ ಮಾತ್ರ ಕಳಿಸಿ.

ಲಕ್ಷಣ: ರೇಟ್ ಹೇಳಿದ ಕೂಡಲೇ ಮಾಯ

ಇಲ್ಲಿವರೆಗೆ ಬಂದಿದ್ದಾರೆ ಅಂದರೆ ಚಿತ್ರಗಳು ಅವುಗಳ ಕೆಲಸ ಮಾಡಿವೆ. ಈಗ ಅವನ್ನು ಮುಟ್ಟಬೇಡಿ. ಬಂದವರು ಎಲ್ಲಿಂದ ಬಂದರು ಅಂತ ನೋಡಿ. ಎಲ್ಲರೂ ಅಗ್ಗದ ಕೆಲಸ ಹುಡುಕುವ ಜಾಗದಿಂದಲೇ ಬಂದಿದ್ದರೆ ರೇಟ್ ಇಳಿಸಿಯೂ ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಬೇರೆ ಬೇರೆ ಕಡೆಯಿಂದ ಬಂದವರೂ ರೇಟ್ ಕೇಳಿ ಬೆಚ್ಚಿದರೆ, ಅವರಿಗೆ ಮೊದಲೇ ಅಂದಾಜು ಇರಲಿಲ್ಲ ಅಂತ ಅರ್ಥ. ಸೈಟಿನಲ್ಲಿ ಕನಿಷ್ಠ ಎಷ್ಟರಿಂದ ಶುರು ಅಂತ ಒಂದು ಸಾಲು ಬರೆಯಿರಿ. ಎನ್‌ಕ್ವೈರಿ ಕಡಿಮೆಯಾಗಬಹುದು, ಆದರೆ ಬರುವವರು ಅಂದಾಜು ಇಟ್ಟುಕೊಂಡೇ ಬರುತ್ತಾರೆ. ಹೇಳಿದ ರೇಟಿಗೆ ಎಲ್ಲರೂ ಮಾತಿಲ್ಲದೆ ಹೂಂ ಅನ್ನುತ್ತಿದ್ದರೆ ಅದೂ ಒಂದು ಲಕ್ಷಣವೇ, ನೀವು ಕಡಿಮೆ ಹೇಳುತ್ತಿದ್ದೀರಿ.

ಕೆಲಸ ಹೇಗೆ ನಡೆಯುತ್ತದೆ ಅನ್ನುವ ಒಂದು ಪ್ಯಾರಾ ಇದೆಯಾ? ಎಷ್ಟು ಅಡ್ವಾನ್ಸ್, ಎಷ್ಟು ಸಲ ಕರೆಕ್ಷನ್, ಕೊನೆಗೆ ಯಾವ ಫೈಲ್ ಕೈಗೆ ಸಿಗುತ್ತದೆ. ಡಿಸೈನರ್ ಜೊತೆ ಮೊದಲ ಸಲ ಕೆಲಸ ಮಾಡುವವರಿಗೆ ಇದು ಯಾವುದೂ ಗೊತ್ತಿರುವುದಿಲ್ಲ, ಕೇಳಲು ಸಂಕೋಚ ಬೇರೆ.

ಚೌಕಾಸಿ ಶುರುವಾದರೆ ರೇಟ್ ಇಳಿಸುವ ಬದಲು ಕೆಲಸ ಕಡಿಮೆ ಮಾಡಿ. 'ಈ ಬಜೆಟ್ಟಿಗೆ ಲೋಗೊ ಮತ್ತು ಕಾರ್ಡ್ ಆಗುತ್ತದೆ, ಸೈಟ್ ಆಮೇಲೆ ನೋಡೋಣ.' ಸುಮ್ನೆ ಒಂದು ಸ್ಯಾಂಪಲ್ ಮಾಡಿ ತೋರಿಸಿ ಅಂದರೆ ಬೇಡ ಅನ್ನಿ, ಬೇಕಿದ್ದರೆ ದುಡ್ಡು ಕೊಡುವ ಸಣ್ಣದೊಂದು ಕೆಲಸದಿಂದ ಶುರು ಮಾಡಿ. ಅಮೆರಿಕದ ಡಿಸೈನರ್‌ಗಳ ಸಂಘಟನೆ ಎಐಜಿಎ ಕೂಡ ಇಂಥ ಪುಕ್ಕಟೆ ಕೆಲಸದ ವಿರುದ್ಧ ತುಂಬಾ ಕಾಲದಿಂದ ಮಾತಾಡುತ್ತಿದೆ.

ಕೈ ಹಾಕುವ ಮುಂಚೆ ಎಚ್ಚರ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಅಳಿಸುವ ಮುಂಚೆ ಬ್ಯಾಕಪ್. ಪುಟದ ವಿಳಾಸ ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ನೀವು ಹಿಂದೆ ಹಂಚಿದ ಲಿಂಕ್‌ಗಳು ಸಾಯಬಾರದು.

ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿ ಮಾಡಿದ ಕೆಲಸವನ್ನು ಹೆಸರು ಮಸುಕು ಮಾಡಿ ಹಾಕಿದರೆ ಆಯಿತು ಅಂದುಕೊಳ್ಳಬೇಡಿ. ಬರಹದಲ್ಲಿ ಅನುಮತಿ ಕೇಳಿ. ಆ್ಯಪ್‌ನ ಸ್ಕ್ರೀನ್‌ಶಾಟಿನಲ್ಲಿ ನಿಜವಾದ ಬಳಕೆದಾರರ ಹೆಸರು, ನಂಬರ್ ಇದ್ದರೆ ಬದಲಿಸಿ. ಫಾಂಟ್ ಲೈಸೆನ್ಸ್ ಕೂಡ ನೋಡಿ, ಕಂಪ್ಯೂಟರಿನಲ್ಲಿ ಬಳಸಲು ಕೊಂಡದ್ದನ್ನು ವೆಬ್‌ಸೈಟಿಗೆ ಹಾಕಲು ಹೆಚ್ಚಾಗಿ ಬೇರೆ ಲೈಸೆನ್ಸ್ ಬೇಕು.

ಪೋರ್ಟ್‌ಫೋಲಿಯೊ ಸರಿಯಾಗಿ ಜನರಿಗೆ ಕಾಣಲು ಶುರುವಾದ ಮೇಲೆ ಮೋಸಗಾರರಿಗೂ ಕಾಣುತ್ತದೆ. 'ಪ್ರಾಜೆಕ್ಟ್ ವಿವರ ಇದರಲ್ಲಿದೆ' ಅಂತ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂದರೆ ತೆರೆಯಬೇಡಿ. ಪಾಸ್‌ವರ್ಡ್ ಹಾಕುವುದೇ ವೈರಸ್ ಪರೀಕ್ಷೆಗೆ ಸಿಗದಿರಲಿ ಅಂತ. ಒಳಗೆ ಪಿಡಿಎಫ್ ಥರ ಕಾಣುವ ಫೈಲ್ ಕೊನೆಯಲ್ಲಿ ಇಎಕ್ಸ್‌ಇ ಅಥವಾ ಎಸ್‌ಸಿಆರ್ ಅಂತ ಮುಗಿಯುತ್ತಿದ್ದರೆ ಅದು ದಾಖಲೆಯಲ್ಲ, ಪ್ರೋಗ್ರಾಂ. ತೆರೆದುಬಿಟ್ಟಿದ್ದರೆ ನೆಟ್ ಕಡಿಯಿರಿ, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ. ಇನ್ನೊಂದು ಮೋಸ: ಒಪ್ಪಿದ್ದಕ್ಕಿಂತ ಜಾಸ್ತಿ ದುಡ್ಡಿನ ಚೆಕ್ ಕಳಿಸಿ, ಉಳಿದದ್ದನ್ನು 'ನಮ್ಮ ಪ್ರಿಂಟರ್‌ಗೆ' ಕಳಿಸಿ ಅನ್ನುತ್ತಾರೆ. ಚೆಕ್ ಆಮೇಲೆ ವಾಪಸಾಗುತ್ತದೆ, ನೀವು ಕಳಿಸಿದ್ದು ಹೋಗಿರುತ್ತದೆ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಡೊಮೈನ್‌ನ ಸೆಟ್ಟಿಂಗ್ಸ್ ಇರುವ ಡಿಎನ್‌ಎಸ್ ಪುಟ ತೆರೆದು ಎಂಎಕ್ಸ್, ಟಿಎಕ್ಸ್‌ಟಿ ಅನ್ನುವ ಸಾಲುಗಳು ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ. ತಪ್ಪು ಸಾಲು ಅಳಿಸಿದರೆ ಇರುವ ಇಮೇಲೂ ನಿಲ್ಲುತ್ತದೆ. ಹೋಸ್ಟಿಂಗ್‌ನವರ ಸಹಾಯವಾಣಿಗೆ ಇದು ದಿನನಿತ್ಯದ ಕೆಲಸ, ಅವರನ್ನು ಕೇಳಿ. ಹಳೆ ಕೆಲಸದ ಹಕ್ಕು ನಿಮ್ಮದಾ, ಕಂಪನಿಯದ್ದಾ ಅನ್ನುವ ಜಗಳ ಎದ್ದರೆ ಒಪ್ಪಂದ ಹಿಡಿದು ವಕೀಲರ ಹತ್ತಿರ ಹೋಗಿ, ಆ ಪುಟವನ್ನು ಅಲ್ಲಿವರೆಗೆ ಇಳಿಸಿಡಿ.

ಮೇಲಿನದೆಲ್ಲ ಸರಿಪಡಿಸಿ, ಸರಿಯಾದ ಜನ ಬಂದು ನೋಡಿ, ಆದರೂ ಬೇರೆಯವರ ಹತ್ತಿರ ಹೋಗುತ್ತಿದ್ದಾರೆ ಅಂದರೆ ಕೆಲಸದ ಗುಣಮಟ್ಟವೇ ಪ್ರಶ್ನೆ ಇರಬಹುದು. ಅದನ್ನು ನೀವೇ ನೋಡಿಕೊಳ್ಳುವುದು ಕಷ್ಟ, ಗೆಳೆಯರು ಹೇಳುವುದೂ ಕಷ್ಟ. ಡಿಸೈನರ್‌ಗಳನ್ನು ಕೆಲಸಕ್ಕೆ ತೆಗೆದುಕೊಂಡು ಅಭ್ಯಾಸ ಇರುವ ಒಬ್ಬರಿಗೆ ಫೀಸ್ ಕೊಟ್ಟಾದರೂ ತೋರಿಸಿ. 'ಹೇಗಿದೆ?' ಅಂತ ಕೇಳಬೇಡಿ, 'ಚೆನ್ನಾಗಿದೆ' ಅನ್ನುತ್ತಾರೆ. 'ಇದನ್ನು ನೋಡಿ ನನಗೆ ಕೆಲಸ ಕೊಡಲು ನಿಮಗೆ ಎಲ್ಲಿ ಅನುಮಾನ ಬರುತ್ತದೆ?' ಅಂತ ಕೇಳಿ. ಬೇಡ ಅಂದು ಹೋದ ಕ್ಲೈಂಟ್‌ಗಳಿಗೂ ಇದೇ ಪ್ರಶ್ನೆಯನ್ನು ಎರಡು ಸಾಲಿನ ಮೆಸೇಜ್‌ನಲ್ಲಿ ಕಳಿಸಿ, ವಾದ ಮಾಡಬೇಡಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಒಂದೇ ಮಾತು ಇಬ್ಬರು ಮೂವರಿಂದ ಬಂದರೆ ಮುಂದಿನ ರಿಪೇರಿ ಅಲ್ಲಿಂದ ಶುರು ಮಾಡಿ.